ಪಾಸಿಂಗ್ ಪವರ್

(ದಾವಣಗೆರೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಮಾಮ 1982ರಲ್ಲಿ ಬ್ಯಾಂಕಿಗೆ ಸೇರಿ 2020ರಲ್ಲಿ ನಿವೃತ್ತರಾದವರು. ಅವರ ಅಕ್ಕನ ಮಗಳು ಬೋರ್‌ವೆಲ್ ಪಂಪು, ಮೋಟರಿನ ಬಿಡಿಭಾಗ ಮಾರುವ ಸಗಟು ಕಂಪನಿಯಲ್ಲಿ ಆರ್ಡರಿನಿಂದ ರವಾನೆವರೆಗಿನ ಕೆಲಸ ನೋಡಿಕೊಳ್ಳುತ್ತಾಳೆ.)

ಸೊಸೆ: ಮಾರ್ಚ್ 31ರ ರಾತ್ರಿ ಹಳೇದು ಬಂದ್, ಏಪ್ರಿಲ್ 1ರ ಬೆಳಿಗ್ಗೆ ಹೊಸದು ಶುರು ಅಂದುಬಿಟ್ರು ಸಾಹುಕಾರರು. ಇಲ್ಲಿಂದು, ರಾಣೆಬೆನ್ನೂರಿಂದು, ಚಿತ್ರದುರ್ಗದ್ದು, ಮೂರು ಗೋಡೌನನ್ನೂ ಖಾಲಿ ಮಾಡಿ ಹೈವೇ ಪಕ್ಕದ ಒಂದೇ ಶೆಡ್ಡಿಗೆ ತರಬೇಕು. ಅದೇ ದಿನ ಹೊಸ ಸಾಫ್ಟ್‌ವೇರ್. ಅದೇ ದಿನ ಎಐ. ವಾಟ್ಸಾಪಿಗೆ ಬರೋ ಆರ್ಡರನ್ನ ಅದೇ ಓದಬೇಕು, ಅದೇ ಬಿಲ್ ಮಾಡಬೇಕು, ಅಂಗಡಿಯವರು ಏನಾದ್ರೂ ಕೇಳಿದ್ರೆ ಉತ್ತರಾನೂ ಅದೇ ಕೊಡಬೇಕು.

ಮಾಮ: ಏಪ್ರಿಲ್‌ನಲ್ಲಿ ನಿಮಗೆ ವ್ಯಾಪಾರ ಹೇಗಿರುತ್ತೆ?

ಸೊಸೆ: ಫೆಬ್ರವರಿಯಿಂದ ಮೇವರೆಗೆ ಊಟಕ್ಕೆ ಪುರುಸೊತ್ತಿರಲ್ಲ ಮಾಮ. ನೀರು ಕೆಳಗಿಳಿದು, ಕರೆಂಟು ಏರುಪೇರಾಗಿ ಮೋಟರ್ ಸುಡೋ ಕಾಲ. ಅಡಿಕೆ ತೋಟ ಒಣಗ್ತಾ ಇರೋ ರೈತ ವೈಂಡಿಂಗ್ ಅಂಗಡಿ ಮುಂದೆ ಬೆಳಿಗ್ಗೆಯಿಂದ ಕೂತಿರ್ತಾನೆ. ಸಂಜೆ ಬಸ್ಸಿಗೆ ನಮ್ಮ ಬುಷ್ಷು, ಬೇರಿಂಗು ಹೋಗ್ಲಿಲ್ಲ ಅಂದ್ರೆ ಅಂಗಡಿಯವನು ಬೇರೆ ಕಡೆ ತರಿಸ್ಕೊಳ್ತಾನೆ. ಅವನದೇನೂ ತಪ್ಪಿಲ್ಲ.

ಮಾಮ: ಹಂಗಾದ್ರೆ ಆ ತಾರೀಖು ಆರಿಸಿದವರು ಲೆಕ್ಕಪುಸ್ತಕ ನೋಡಿ ಆರಿಸಿದ್ದಾರೆ, ಗೋಡೌನು ನೋಡಿಲ್ಲ. 2018ರ ಫೆಬ್ರವರಿ 1 ನನಗೆ ಚೆನ್ನಾಗಿ ನೆನಪಿದೆ. ರಾಜ್ಯದಿಂದ ರಾಜ್ಯಕ್ಕೆ ಹೋಗೋ ಸರಕಿಗೆ ಅವತ್ತಿನಿಂದ ಇ-ವೇ ಬಿಲ್ ಕಡ್ಡಾಯ. ಇಡೀ ದೇಶ ಒಂದೇ ಬೆಳಿಗ್ಗೆ ಒಂದೇ ಬಾಗಿಲಿಗೆ ನುಗ್ಗಿತು, ಪೋರ್ಟಲ್ ಕೂತುಬಿಟ್ಟಿತು. ಅವತ್ತೇ ಮುಂದೂಡಿದರು. ಏಪ್ರಿಲ್ 1ಕ್ಕೆ ಮತ್ತೆ ಶುರು ಮಾಡಿದಾಗ ರಾಜ್ಯದೊಳಗಿನ ಸಾಗಣೆಗೆ ಮೊದಲು ಇಳಿದದ್ದು ಕರ್ನಾಟಕ ಒಂದೇ. ಏಪ್ರಿಲ್ 15ಕ್ಕೆ ಇನ್ನೈದು ರಾಜ್ಯ, ಆಮೇಲೆ ಸರದಿಯಲ್ಲಿ ಉಳಿದವು. ವ್ಯಾಟ್ ಕಾಲದ ಇ-ಸುಗಮ್ ತೆಗೆದು ತೆಗೆದು ನಮ್ಮ ವ್ಯಾಪಾರಿಗಳ ಕೈ ಪಳಗಿತ್ತು.

ಸೊಸೆ: ಇ-ಇನ್‌ವಾಯ್ಸ್ ಬಂದದ್ದೂ ಹಂಗೇ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟು ದಾಟಿದವರಿಗೆ ಮಾತ್ರ. ಮುಂದಿನ ಜನವರಿಗೆ 100 ಕೋಟಿ, ಏಪ್ರಿಲ್‌ಗೆ 50, 2022ರಲ್ಲಿ 20, ಆಮೇಲೆ 10, 2023ರ ಆಗಸ್ಟ್‌ಗೆ 5 ಕೋಟಿ. ನಮ್ಮ ಸರದಿ ಬರೋ ಹೊತ್ತಿಗೆ ದೊಡ್ಡ ಕಂಪನಿಗಳಿಂದ ಬಂದ ಬಿಲ್ಲಿನ ಮೇಲೆ ಕ್ಯೂಆರ್ ಕೋಡ್ ನೋಡಿ ನೋಡಿ ನಮ್ಮ ಅಕೌಂಟ್ಸಿನವರಿಗೆ ಅದು ಹೊಸದು ಅನ್ನಿಸಲೇ ಇಲ್ಲ. ಆದ್ರೆ ಇದನ್ನ ಸಾಹುಕಾರರಿಗೆ ಹೇಳಿದ್ರೆ, ಸರ್ಕಾರಕ್ಕೆ ಪೈಪೋಟಿ ಯಾರಿದ್ದಾರೆ ತಾಯಿ, ನಮಗೆ ಇದ್ದಾರೆ ಅಂತಾರೆ. ಹುಬ್ಬಳ್ಳಿಯವರು ಮೊದಲು ಮಾಡಿಬಿಟ್ರೆ ಅನ್ನೋ ಭಯ ಅವರಿಗೆ.

ಮಾಮ: ಭಯ ಸುಳ್ಳಲ್ಲ. ಅದನ್ನ ತಳ್ಳಿಹಾಕಬೇಡ. ಮೂರೂ ಒಟ್ಟಿಗೆ ಮಾಡಿ ಗೆದ್ದವರು ಇದ್ದರೆ ಅವರ ಹೆಸರೂ ಕೇಳು.

ಸೊಸೆ: ಸೋತವರ ಹೆಸರು ನನಗೆ ಗೊತ್ತು. ಓದುವಾಗ ಪಾಠದಲ್ಲಿತ್ತು. ಅಮೆರಿಕದ ಫಾಕ್ಸ್‌ಮೇಯರ್, ಅಲ್ಲಿನ ಅತಿ ದೊಡ್ಡ ಔಷಧ ವಿತರಕರಲ್ಲಿ ಒಂದು. 1990ರ ದಶಕದ ನಡುವೆ ಹೊಸ ಸಾಫ್ಟ್‌ವೇರು, ಓಹಾಯೋದಲ್ಲಿ ಯಂತ್ರಗಳಿಂದಲೇ ನಡೆಯೋ ಹೊಸ ಗೋಡೌನು, ಎರಡನ್ನೂ ಒಟ್ಟಿಗೆ ಹಿಡಿದರು. 1996ರಲ್ಲಿ ದಿವಾಳಿ. ಆಗ ಸಾಫ್ಟ್‌ವೇರ್ ಕೈಕೊಟ್ಟ ಭಾಗ ಮಾತ್ರ ನನ್ನ ತಲೆಯಲ್ಲಿ ಉಳಿದಿತ್ತು. ಮೊನ್ನೆ ಮತ್ತೆ ತೆಗೆದು ಓದಿದೆ. ಮುಚ್ಚೋ ಗೋಡೌನುಗಳ ಕೆಲಸಗಾರರಿಗೆ ತಮ್ಮ ಕೆಲಸ ಹೋಗುತ್ತೆ ಅಂತ ಮೊದಲೇ ಗೊತ್ತಾಗಿತ್ತು. ಗುಂಪುಗುಂಪಾಗಿ ಬಿಟ್ಟುಹೋದರು. ಉಳಿದವರಿಗೆ ಮನಸ್ಸಿರಲಿಲ್ಲ. ಮಾಲು ಹಾಳಾಯ್ತು, ಲೆಕ್ಕ ತಪ್ಪಿತು. ಓದ್ತಾ ಓದ್ತಾ ನಮ್ಮ ರಾಣೆಬೆನ್ನೂರಿನ ಹಮಾಲರ ಮುಖ ಕಣ್ಣಮುಂದೆ ಬಂತು ಮಾಮ.

ಮಾಮ: ಅವರಿಗೆ ಹೇಳಿದ್ದೀರಾ?

ಸೊಸೆ: ಇನ್ನೂ ಇಲ್ಲ.

ಮಾಮ: ಆ ಮಾತಿಗೆ ಆಮೇಲೆ ಬರೋಣ, ಬಿಡೋದು ಬೇಡ. ಮೊದಲು ಆರ್ಡರ್ ವಿಷಯ ಹೇಳು. ಈಗ ಅದನ್ನ ಯಾರು ಬರ್ಕೊಳ್ತಾರೆ?

ಸೊಸೆ: ಒಬ್ಬ ಹಿರಿಯ ಗುಮಾಸ್ತರಿದ್ದಾರೆ, 26 ವರ್ಷದ ಸರ್ವೀಸು. ಅವರು ಕೇಳಿ ಚೀಟಿ ಬರೀತಾರೆ, ನಾಲ್ಕು ಜನ ಹುಡುಗಿಯರು ಬಿಲ್ಲಿಗೆ ಹಾಕ್ತಾರೆ. ಅಂಗಡಿಯವರು ಅರ್ಧ ಜನ ಬರೆಯೋದೇ ಇಲ್ಲ, ವಾಯ್ಸ್ ಮೆಸೇಜು. ಹಿಂದೆ ಲೇತ್ ಮಷೀನಿನ ಸದ್ದು. "ಏಳೂವರೆ ಮೋಟ್ರಿಗೆ ಬುಷ್ ಒಂದೈದಾರು ಕಳಸ್ರಿ, ಹೋದ ಸಲದ್ದ ಆಗ್ಲಿ." ಏಳೂವರೆ ಅಂದ್ರೆ 7.5 ಎಚ್‌ಪಿ. ನನಗೆ ಎಐ ಡೆಮೊ ತೋರಿಸೋಕೆ ಬಂದವರ ಮುಂದೆ ಇದನ್ನೇ ಹಾಕಿದೆ. ಏಳು ಮೋಟರು ಅಂತ ಬರೀತು. ಐದಾರಕ್ಕೆ ಒಂದು ಸಲ 5 ಅಂತು, ಇನ್ನೊಂದು ಸಲ 56 ಅಂತು.

ಮಾಮ: ಗುಮಾಸ್ತರು ಐದಾರಕ್ಕೆ ಎಷ್ಟು ಬರೀತಾರೆ?

ಸೊಸೆ: ಕೆಲವು ಅಂಗಡಿಗೆ ಐದು, ಕೆಲವಕ್ಕೆ ಆರು. ಹೇಗೆ ಅಂತ ನಾನೂ ಕೇಳಿಲ್ಲ.

ಮಾಮ: ಅದಕ್ಕೇ ಒಂದು ಕಥೆ ಹೇಳ್ತೀನಿ, ನನ್ನದೇ ತಪ್ಪಿನದು. ಎಂಬತ್ತರ ದಶಕದ ಕೊನೆ. ಬ್ಯಾಂಕಿಗೆ ಕಂಪ್ಯೂಟರ್ ಒಂದೇ ಸಲ ಬರಲಿಲ್ಲ. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಗಳಿಗೂ ಒಪ್ಪಂದ ಆಯ್ತು, ಯಾವ ಕೆಲಸಕ್ಕೆ ಯಂತ್ರ ತರಬಹುದು ಅಂತ. 1984ರಲ್ಲಿ ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟಿತು. ಆಮೇಲೆ ಶಾಖೆಗೆ ಬಂದದ್ದು ಲೆಡ್ಜರ್ ಪೋಸ್ಟಿಂಗ್ ಮಷೀನು, ಎಎಲ್‌ಪಿಎಂ ಅಂತಿದ್ವಿ. ಲೆಡ್ಜರಿಗೆ ಏರಿಸೋದು, ಬ್ಯಾಲೆನ್ಸ್ ತೆಗೆಯೋದು, ಬಡ್ಡಿ ಹಾಕೋದು, ಅಷ್ಟೇ ಅದರ ಕೆಲಸ. ಇಡೀ ಶಾಖೆ ಕಂಪ್ಯೂಟರಿಗೆ ಹೋದದ್ದು ತೊಂಬತ್ತರ ದಶಕದಲ್ಲಿ, ಶಾಖೆಗಳೆಲ್ಲ ಒಂದಕ್ಕೊಂದು ಸೇರಿದ್ದು ಎರಡು ಸಾವಿರ ಇಸವಿ ಆದ ಮೇಲೆ. ನಾನು ಮೂರನ್ನೂ ನೋಡಿದೆ.

ಒಂದು ಹಳ್ಳಿ ಶಾಖೆಯಲ್ಲಿದ್ದೆ. ಒಂದೇ ಊರು, ಒಂದೇ ಹೆಸರು, ಒಂದೇ ಗಂಡನ ಹೆಸರು ಇರೋ ಇಬ್ಬರು ಹೆಂಗಸರ ಉಳಿತಾಯ ಖಾತೆ. ಅವರ ಪಾಸ್‌ಬುಕ್ ಬರೋದು ಅಪರೂಪ, ದುಡ್ಡು ಕಟ್ಟೋಕೆ ಮಕ್ಕಳನ್ನ ಕಳಿಸೋರು, ಹೆಸರು ಹೇಳಿ ಕಟ್ಟಿ ಹೋಗೋವು. ಹಳೇ ಲೆಡ್ಜರಿನಲ್ಲಿ ನನಗಿಂತ ಹಿಂದೆ ಇದ್ದ ಗುಮಾಸ್ತರು ಒಂದು ಖಾತೆಯ ಅಂಚಿಗೆ ಪೆನ್ಸಿಲಲ್ಲಿ "ಕೆರೆ ಏರಿ ಮನೆ" ಅಂತ ಬರೆದಿಟ್ಟಿದ್ದರು. ಮಷೀನಿಗೆ ಖಾತೆಗಳನ್ನ ಏರಿಸಿದವನು ನಾನು. ಹೆಸರು, ನಂಬರು, ಬಾಕಿ, ಎಲ್ಲ ಹಾಕಿದೆ. ಪೆನ್ಸಿಲ್ ಬರಹಕ್ಕೆ ಅದರಲ್ಲಿ ಜಾಗ ಇರಲಿಲ್ಲ, ನಾನೂ ಕೇಳಲಿಲ್ಲ. ಕೆರೆ ಏರಿಯಾಕೆಯ ಮೆಣಸಿನಕಾಯಿ ದುಡ್ಡು ಎರಡು ಸಲ ಇನ್ನೊಬ್ಬಾಕೆಯ ಖಾತೆಗೆ ಹೋಯ್ತು. ಮಗಳ ಮದುವೆಗೆ ಜವಳಿ ತರೋಕೆ ಅಂತ ಬಂದಳು. ಬಾಕಿ ಇಲ್ಲ ಕಣಮ್ಮ ಅಂತ ನಾನೇ ಹೇಳಿದೆ. ಏನೂ ಮಾತಾಡದೆ ಹೋದಳು. ಬ್ಯಾಂಕು ಸುಳ್ಳು ಹೇಳಲ್ಲ ಅಂತ ನಂಬಿದ್ದಳು. ನಾಲ್ಕು ದಿನ ಆದ ಮೇಲೆ ನಮಗೆ ಗೊತ್ತಾಯ್ತು, ನಾನೇ ಅವಳ ಮನೆಗೆ ಹೋದೆ. ಅವಳು ಬೈದಿದ್ದರೆ ನನಗೆ ಮರೆತುಹೋಗ್ತಿತ್ತೇನೋ.

ಸೊಸೆ: ನಮ್ಮ ಗುಮಾಸ್ತರ ಪೆನ್ಸಿಲ್ ಬರಹ ಕಾಗದದ ಮೇಲೂ ಇಲ್ಲ ಮಾಮ. ಎಲ್ಲ ತಲೆಯಲ್ಲಿದೆ.

ಮಾಮ: ಅದಕ್ಕೇ ಎಐ ಮೊದಲ ದಿನ ಆರ್ಡರ್ ಮುಟ್ಟಬಾರದು. ಮೊದಲು ಬೇರೆ ಎಲ್ಲಾದರೂ ಕೆಲಸ ಇದೆಯಾ ಅದಕ್ಕೆ, ತಪ್ಪಾದ್ರೂ ತಪ್ಪು ಗೋಡೌನಿನ ಬಾಗಿಲು ದಾಟದಂಥ ಕೆಲಸ?

ಸೊಸೆ: ಇದೆ. ಒಂದೇ ಥ್ರಸ್ಟ್ ಬೇರಿಂಗಿಗೆ ಇಲ್ಲಿ ಒಂದು ಹೆಸರು, ದುರ್ಗದಲ್ಲಿ ಒಂದು, ರಾಣೆಬೆನ್ನೂರಿನಲ್ಲಿ ಒಂದು. ಒಬ್ಬರು ಕಂಪನಿ ಹೆಸರಿಂದ ಬರೆದಿದ್ದಾರೆ, ಒಬ್ಬರು ಅಳತೆಯಿಂದ, ಇನ್ನೊಬ್ಬರು "ಹಸಿರು ಡಬ್ಬಿ ದೊಡ್ಡದು" ಅಂತ. ಮೂರು ಗೋಡೌನಿನ ಪಟ್ಟಿ ಒಂದಾಗದೆ ಹೊಸ ಶೆಡ್ಡಿನಲ್ಲಿ ಯಾವ ರ‍್ಯಾಕಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಾಗಲ್ಲ. ಇದೂ ಅದೂ ಒಂದೇನಾ ಅಂತ ಎಐ ಜೋಡಿ ಹಚ್ಚಿ ಕೊಡಲಿ, ಗೋಡೌನಿನ ಮೇಸ್ತ್ರಿ ಮಾಲು ಕೈಯಲ್ಲಿ ಹಿಡಿದು ಹೌದು, ಅಲ್ಲ ಅನ್ನಲಿ. ನಾವು ಕೂತು ಮಾಡಿದ್ರೆ ಎರಡು ತಿಂಗಳ ಕೆಲಸ.

ಮಾಮ: ಹಂಗಾದ್ರೆ ಸಾಹುಕಾರರಿಗೂ ಖುಷಿ, ಎಐ ಬಂತು ಅಂತ ಹೇಳ್ಕೋಬಹುದು. ನಾಳೆಯೇ ಶುರು ಮಾಡಿ. ಆರ್ಡರಿಗೆ ಬಂದರೆ ಮಾತ್ರ ಬ್ಯಾಂಕಿನ ದಾರಿ ಹಿಡಿ. ನಮ್ಮಲ್ಲಿ ಹೊಸಬ ಬಂದ ಕೂಡಲೇ ಚೆಕ್ ಪಾಸ್ ಮಾಡಿ ಅಂತ ಯಾರೂ ಕೊಡ್ತಿರಲಿಲ್ಲ. ಪಾಸಿಂಗ್ ಪವರ್ ಅಂತ ಇತ್ತು. ಮೊದಲು ಬರೀತಾನೆ, ಇನ್ನೊಬ್ಬ ನೋಡಿ ಸಹಿ ಹಾಕ್ತಾನೆ. ಕೈ ಸರಿ ಇದೆ ಅಂತ ಕಂಡ ಮೇಲೆ ಇಷ್ಟು ರೂಪಾಯಿವರೆಗೆ ನೀನೇ ಪಾಸ್ ಮಾಡು ಅಂತ ಬರವಣಿಗೆಯಲ್ಲಿ ಕೊಡೋರು. ಮಿತಿ ದಾಟಿದ್ರೆ ಮೇಲಿನವರ ಟೇಬಲ್ಲಿಗೆ. ತಪ್ಪು ಹೆಚ್ಚಾದ್ರೆ ಕೊಟ್ಟದ್ದನ್ನ ವಾಪಸ್ ತಗೊಳ್ಳೋರು, ಅದರಲ್ಲಿ ಅವಮಾನ ಏನೂ ಇರಲಿಲ್ಲ. ಮಷೀನನ್ನೂ ಹಂಗೇ ನಡೆಸು.

ಸೊಸೆ: ಅಂದ್ರೆ ಮೊದಲ ಕೆಲವು ವಾರ ಸುಮ್ಮನೆ ಬದಿಗೆ ಕೂರಿಸೋದು. ಗುಮಾಸ್ತರು ತಮ್ಮ ಚೀಟಿ ಬರೀಲಿ, ಅದೂ ತನ್ನದನ್ನ ಬರೀಲಿ, ಅದರದ್ದು ಯಾರೂ ಬಳಸೋದು ಬೇಡ. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದು.

ಮಾಮ: ನೋಡೋದಷ್ಟೇ ಸಾಲದು, ಬರೆದಿಡಬೇಕು. ಯಾವ ಅಂಗಡಿ, ಯಾವ ಮಾಲು, ಏನು ತಪ್ಪು. ನೂರಕ್ಕೆ ಎಷ್ಟು ಸರಿ ಅನ್ನೋ ಒಂದೇ ಅಂಕಿ ನಂಬಬೇಡ. ಬೇರಿಂಗಿನಲ್ಲಿ ಒಂದು ಹೆಚ್ಚು ಹೋದ್ರೆ ವಾಪಸ್ ಬರುತ್ತೆ. ವೈಂಡಿಂಗ್ ವೈರಿನ ಗೇಜ್ ತಪ್ಪಿದ್ರೆ?

ಸೊಸೆ: ಅಂಗಡಿಯವನು ನೋಡದೆ ಸುತ್ತಿಬಿಟ್ರೆ ಮೋಟರು ಮತ್ತೆ ಸುಡುತ್ತೆ. ಮತ್ತೆ ಬೋರಿನಿಂದ ಎತ್ತಬೇಕು, ಎತ್ತೋ ಕೂಲಿ ರೈತನದು.

ಮಾಮ: ಹಂಗಾದ್ರೆ ವೈರಿನ ತಪ್ಪಿಗೆ ಬೇರೆ ಪುಸ್ತಕ ಇಡು. ಮುಂದಿನ ಹಂತ?

ಸೊಸೆ: ಅದು ಬರೆದದ್ದನ್ನ ಗುಮಾಸ್ತರು ನೋಡಿ ಪಾಸ್ ಮಾಡೋದು. ಆಮೇಲೆ, ಹಳೇ ಅಂಗಡಿ, ಅದೇ ಅಂಗಡಿ ಮೊದಲು ತಗೊಂಡಿರೋ ಮಾಲು, ಎಂದಿನಷ್ಟೇ ಸಂಖ್ಯೆ, ಒಂದು ಮೊತ್ತದ ಒಳಗೆ, ಇಷ್ಟು ಕೂಡಿದ್ರೆ ತಾನೇ ಬಿಲ್ಲಿಗೆ ಕಳಿಸಲಿ. ಇದರಲ್ಲಿ ಒಂದು ತಪ್ಪಿದ್ರೂ ಗುಮಾಸ್ತರ ಮುಂದೆ ಬರಲಿ. ಹೊಸ ಅಂಗಡಿ, ಉದ್ರಿ ಮಿತಿ ಏರಿಸೋದು, ಆರ್ಡರ್ ರದ್ದು ಮಾಡೋದು, ಇವು ಯಾವತ್ತೂ ಅದರ ಕೈಗೆ ಬೇಡ.

ಮಾಮ: ಒಂದು ವಿಷಯ ನೀನು ಹೇಳಬೇಕು ನನಗೆ. ನಮ್ಮ ಹುಡುಗನಿಗೆ ಸಹಿ ಹೊಂದಲಿಲ್ಲ ಅಂದ್ರೆ ಎದ್ದು ಬಂದು ಕೇಳ್ತಿದ್ದ. ಇದು ಕೇಳುತ್ತಾ?

ಸೊಸೆ: ಅದೇ ತೊಂದರೆ ಮಾಮ. ಜಪಾನಿನಲ್ಲಿ ಸಕಿಚಿ ಟೊಯೋಡಾ ಅಂತ ಒಬ್ಬರು, ಕಾರಿನ ಕಂಪನಿಗಿಂತ ಮೊದಲಿನ ಮನುಷ್ಯ, ಮಗ್ಗ ಮಾಡೋರು. 1924ರಲ್ಲಿ ಅವರ ಮಗ್ಗ ಬಂತು, ಹಾಸಿನ ಒಂದು ಎಳೆ ಕಡಿದ್ರೆ ತಾನೇ ನಿಂತುಬಿಡೋದು. ನಿಂತದ್ದಕ್ಕೇ ಒಬ್ಬಳು ಎಷ್ಟೋ ಮಗ್ಗ ನೋಡ್ಕೊಳ್ಳೋಕೆ ಆಯ್ತು. ಈ ಎಐ ಹಂಗಲ್ಲ. ಎಳೆ ಕಡಿದ ಜಾಗದಲ್ಲಿ ತಾನೇ ಒಂದು ಎಳೆ ಊಹಿಸಿ ಬಿಡುತ್ತೆ, ಬಟ್ಟೆ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತೆ. ನನಗೆ ಗೊತ್ತಿಲ್ಲ ಅಂತ ಹೇಳು ಅಂತ ಅದಕ್ಕೆ ಹೇಳಿಕೊಟ್ರೂ ಎಲ್ಲ ಸಲ ಹೇಳಲ್ಲ. ನಿಲ್ಲಿಸೋ ಕೆಲಸ ಅದರ ಹೊರಗೆ ಇರಬೇಕು. ಬರೆದ ಮಾಲಿನ ಕೋಡ್ ನಮ್ಮ ಪಟ್ಟಿಯಲ್ಲಿ ಇದೆಯಾ, ಈ ಅಂಗಡಿ ಯಾವತ್ತಾದ್ರೂ 56 ಬುಷ್ ತಗೊಂಡಿದೆಯಾ ಅಂತ ಸಾಧಾರಣ ಲೆಕ್ಕದ ಪ್ರೋಗ್ರಾಂ ಒಂದು ನೋಡಬೇಕು. ಅದಕ್ಕೆ ಬುದ್ಧಿ ಬೇಡ, ಹಟ ಇದ್ರೆ ಸಾಕು.

ಮಾಮ: ಅಂಗಡಿಯವರಿಗೆ ಉತ್ತರ ಕೊಡೋದು ಅಂದೆಯಲ್ಲ, ಅದು?

ಸೊಸೆ: ಅದನ್ನ ಕೊನೆಗೆ ಇಡ್ತೀನಿ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ, ಮನೆಯಲ್ಲಿ ಸಾವಾದವರಿಗೆ ಕೊಡೋ ರಿಯಾಯಿತಿಯನ್ನ ಪ್ರಯಾಣ ಆದ ಮೇಲೂ ಕೇಳಬಹುದು ಅಂತ ತಪ್ಪು ಹೇಳಿತು. ದೂರು ಹೋದಾಗ ಕಂಪನಿಯವರು, ಚಾಟ್‌ಬಾಟ್ ಬೇರೆ, ಅದರ ಮಾತಿಗೆ ಅದೇ ಹೊಣೆ ಅನ್ನೋ ಹಂಗೆ ವಾದ ಮಾಡಿದರು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಿ ಅಂತು. ನಮ್ಮಲ್ಲಿ ಸುಟ್ಟ ಮೋಟರಿಗೆ ವಾರಂಟಿ ಉಂಟಾ ಅಂತ ದಿನಾ ಕೇಳ್ತಾರೆ. ಎಐ ಉಂಟು ಅಂದ್ರೆ ನಾವು ಉಂಟು ಅಂದ ಹಂಗೆ. ಪಾರ್ಸೆಲ್ ಯಾವ ಬಸ್ಸಿಗೆ ಹೋಯ್ತು, ಸಾಗಣೆ ರಸೀದಿ ನಂಬರ್ ಎಷ್ಟು, ಅಷ್ಟು ಹೇಳಲಿ ಸಾಕು.

ಮಾಮ: ಪಾಸಿಂಗ್ ಪವರ್ ಕಾಗದದ ಕೆಳಗೆ ಯಾರ ಸಹಿ ಇತ್ತು ಗೊತ್ತಾ? ಕೊಟ್ಟವನದು. ಹುಡುಗ ತಪ್ಪಿದ್ರೆ ಕೊಟ್ಟ ಮ್ಯಾನೇಜರನ್ನೂ ಕೇಳೋರು. ನಿಮ್ಮಲ್ಲೂ ಪ್ರತಿ ಹಂತಕ್ಕೆ ಒಬ್ಬರ ಹೆಸರು ಬರೀರಿ. ಕಂಪ್ಯೂಟರ್ ಮಾಡಿದ್ದು ಅಂತ ಯಾರೂ ಹೇಳೋ ಹಂಗಿರಬಾರದು.

ಸೊಸೆ: ಒಂದು ವಾದ ನನ್ನದೂ ಇದೆ ಮಾಮ. ಹಂತ ಹಂತ ಅಂತ ಹೇಳೋದು ಸುಲಭ. ಆದ್ರೆ ಎರಡೂ ಒಟ್ಟಿಗೆ ನಡೆಸಿದ್ರೆ ಕೆಲಸ ಇಮ್ಮಡಿ. ಬೇಸಗೆಯಲ್ಲಿ ರಾತ್ರಿ ಒಂಬತ್ತಕ್ಕೆ ಮನೆಗೆ ಹೋಗೋ ಹುಡುಗಿಯರನ್ನ ಇನ್ನೊಂದು ಗಂಟೆ ಕೂತು ತಾಳೆ ನೋಡಿ ಅಂದ್ರೆ ಅವರು ಕಣ್ಣುಮುಚ್ಚಿ ಟಿಕ್ ಹಾಕ್ತಾರೆ. ನಾನಿದ್ರೂ ಅದನ್ನೇ ಮಾಡ್ತೀನಿ.

ಮಾಮ: ಮಾಡಿದ್ದೀನಿ. ಮಷೀನು ಬಂದ ಮೇಲೂ ಕೈ ಲೆಡ್ಜರು ಬರೆಯೋದು ತಿಂಗಳುಗಟ್ಟಲೆ ಮುಂದುವರೀತು. ಕೊನೆಕೊನೆಗೆ ಮಷೀನಿನ ಬಾಕಿ ನೋಡಿ ಲೆಡ್ಜರಿಗೆ ಬರೀತಿದ್ವಿ. ತಾಳೆ ಆಗದೆ ಇನ್ನೇನಾಗುತ್ತೆ? ನೀನು ಹೇಳಿದ್ದು ಸರಿ, ನಿಧಾನ ಅನ್ನೋದರ ಹೆಸರಲ್ಲಿ ಅರೆಬರೆ ನಡೀಬಾರದು. ಸರ್ಕಾರ ಪಹಣಿಯನ್ನ ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ನೋಡು. ಎರಡು ಕೋಟಿ ಪಹಣಿ, 67 ಲಕ್ಷ ರೈತರು, ಆಗ 177 ತಾಲ್ಲೂಕು. ಒಂದೇ ದಿನ ಎಲ್ಲ ಕಡೆ ಮಾಡಲಿಲ್ಲ, ತಾಲ್ಲೂಕು ತಾಲ್ಲೂಕಾಗಿ ಹೋದರು. ಆದ್ರೆ ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾಯ್ತು ಅಂದ ಮೇಲೆ ಅಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂದುಬಿಟ್ಟರು. ಎರಡು ಪಹಣಿ ಇದ್ದರೆ ಎರಡು ಸತ್ಯ ಇರುತ್ತೆ, ನಡುವೆ ನಿಂತವನು ದುಡ್ಡು ಮಾಡ್ಕೊಳ್ತಾನೆ. ಊರಿಂದ ಊರಿಗೆ ಹೋಗೋದು ನಿಧಾನ, ಊರಿನೊಳಗೆ ಕಡ್ಡಿ ಮುರಿದ ಹಂಗೆ.

ಸೊಸೆ: ಹಂಗಾದ್ರೆ ಎಲ್ಲ ಅಂಗಡಿ ಬೇಡ. ಹರಿಹರ, ಹೊನ್ನಾಳಿ ರೂಟಿನ ಅಂಗಡಿಗಳು ಮಾತ್ರ. ಹತ್ತಿರದವು, ತಪ್ಪಾದ್ರೆ ಅವತ್ತೇ ಹುಡುಗನನ್ನ ಗಾಡಿಯಲ್ಲಿ ಕಳಿಸಬಹುದು. ಅವುಗಳದ್ದು ಮಾತ್ರ ತಾಳೆ ನೋಡೋದು, ನಾಲ್ಕು ವಾರ, ಅಷ್ಟೇ. ನಾಲ್ಕು ವಾರಕ್ಕೆ ಹೌದು ಅಥವಾ ಬೇಡ.

ಮಾಮ: ಬೇಡ ಅಂತ ಯಾವಾಗ ಅನ್ನೋದನ್ನ ಶುರು ಮಾಡೋ ಮೊದಲೇ ಬರೆದಿಡಿ. ಆಮೇಲೆ ಬರೆಯೋಕೆ ಕೂತರೆ ದುಡ್ಡು ಹಾಕಿದವರ ಮುಖ ನೋಡಿ ಬರೀತೀರಿ. ಯಾವಾಗ ಇದು?

ಸೊಸೆ: ಏಪ್ರಿಲ್ ಅಂತೂ ಅಲ್ಲ. ಈಗ ಪಟ್ಟಿ ಒಂದು ಮಾಡೋದು. ಮಳೆ ಹಿಡಿದ ಮೇಲೆ, ಜುಲೈನಲ್ಲಿ, ಮಾಲು ಸಾಗಿಸೋದು. ಆಗ ಆರ್ಡರ್ ಕಡಿಮೆ. ಮಾಲು ಎಣಿಸಿ ಮುಗಿದ ಮೇಲೆ ಸಾಫ್ಟ್‌ವೇರ್. ಹರಿಹರದ ರೂಟಿಗೆ ಎಐ ದಸರಾ ಹೊತ್ತಿಗೆ. ದೀಪಾವಳಿ ಪಾಡ್ಯಕ್ಕೆ ಹೊಸ ಖಾತೆ ಪುಸ್ತಕ ಪೂಜೆ ಮಾಡ್ತಾರಲ್ಲ ಸಾಹುಕಾರರು, ಅವತ್ತಿಗೆ ಮೊದಲ ಪಾಸಿಂಗ್ ಪವರ್ ಕೊಡಬಹುದು ಅಂದ್ರೆ ಒಪ್ಪಿದ್ರೂ ಒಪ್ಪಬಹುದು. ಇನ್ನೊಂದು, ವಾಯ್ಸ್ ಮೆಸೇಜಿನಲ್ಲಿ ರೈತರ ಹೆಸರು, ಫೋನ್ ನಂಬರು ಇರುತ್ತೆ. ಅದು ಯಾವ ಊರಿನ ಯಾವ ಸರ್ವರಿಗೆ ಹೋಗುತ್ತೆ, ಎಷ್ಟು ದಿನ ಇರುತ್ತೆ ಅಂತ ಡೆಮೊದವರಿಂದ ಬರೆಸ್ಕೋಬೇಕು. ವೈಯಕ್ತಿಕ ಮಾಹಿತಿ ಕಾಪಾಡೋ ಕಾಯ್ದೆ 2023ರಲ್ಲೇ ಬಂದಿದೆ.

ಮಾಮ: ಈಗ ಹೇಳು. ಹಮಾಲರು, ಗುಮಾಸ್ತರು, ಆ ನಾಲ್ಕು ಹುಡುಗಿಯರು.

ಸೊಸೆ: ...

ಮಾಮ: ಏನಾಯ್ತು?

ಸೊಸೆ: ಸಾಹುಕಾರರು ಒಂದು ಪಟ್ಟಿ ಕೇಳಿದ್ದಾರೆ ಮಾಮ. ಎಐ ಬಂದ ಮೇಲೆ ಯಾರು ಯಾರು ಬೇಕಾಗಲ್ಲ ಅಂತ. ಯಾರಿಗೂ ಹೇಳಬೇಡ, ಬರೆದು ಕೊಡು ಅಂದ್ರು. ಹತ್ತು ದಿನ ಆಯ್ತು. ಅವರ ಜೊತೆ ಕೂತು ಊಟ ಮಾಡೋಕೆ ನನಗೆ ಆಗ್ತಿಲ್ಲ. ಹಿರಿಯ ಗುಮಾಸ್ತರಿಗೆ ನಾನೇ ಹೋಗಿ ಹೇಳಬೇಕು, ನಿಮಗೆ ಗೊತ್ತಿರೋದನ್ನೆಲ್ಲ ಈ ಮಷೀನಿಗೆ ಹೇಳಿಕೊಡಿ ಅಂತ. ಅವರು ತಿದ್ದಿದ ಒಂದೊಂದು ತಪ್ಪಿಗೂ ಅವರ 26 ವರ್ಷ ಅದರೊಳಗೆ ಹೋಗುತ್ತೆ. ಎಲ್ಲ ಹೋದ ಮೇಲೆ ಅವರ ಹೆಸರು ಪಟ್ಟಿಗೆ.

ಮಾಮ: ಅವರು ದಡ್ಡರಲ್ಲ, ಮೂರನೇ ದಿನಕ್ಕೆ ಗೊತ್ತಾಗುತ್ತೆ. ಗೊತ್ತಾದ ಮೇಲೆ ಹೇಳಿಕೊಡೋದನ್ನ ನಿಲ್ಲಿಸ್ತಾರೆ. ಬಾಯಿಬಿಟ್ಟು ಬೇಡ ಅನ್ನಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತಾರೆ. ನೀನು ಏನು ಕೇಳಬೇಕು ಅಂತ ನಿನಗೆ ಗೊತ್ತಿಲ್ಲವಲ್ಲ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 9ಎ ಅಂತ ಒಂದು ಕಲಮು ಇತ್ತು, ನಮ್ಮ ಯೂನಿಯನ್ನಿನವರ ಬಾಯಲ್ಲಿ ಅದೇ. ಕೆಲಸ ಹೋಗಬಹುದಾದಂಥ ಹೊಸ ಯಂತ್ರವೋ ವಿಧಾನವೋ ತರೋದಾದ್ರೆ 21 ದಿನ ಮೊದಲು ಕೆಲಸಗಾರರಿಗೆ ನೋಟಿಸ್ ಕೊಡಬೇಕು. ನಾನು ಆಗ ಅದನ್ನ ಅಡ್ಡಗಾಲು ಅಂದುಕೊಂಡಿದ್ದೆ. ಈಗ ಹಂಗನ್ನಿಸಲ್ಲ. ಮೊದಲು ಹೇಳಿದ್ದಕ್ಕೇ, ಕೂತು ಜಗಳ ಆಡಿದ್ದಕ್ಕೇ, ಬ್ಯಾಂಕಿಗೆ ಮಷೀನು ಬಂದಾಗ ಗುಮಾಸ್ತರು ಅದಕ್ಕೆ ಕೆಲಸ ಕಲಿಸಿದರು.

ಸೊಸೆ: ಜನ ಕಡಿಮೆ ಮಾಡಿ ಪಶ್ಚಾತ್ತಾಪ ಪಟ್ಟವರೂ ಇದ್ದಾರೆ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ, ನಮ್ಮ ಎಐ 700 ಜನ ಏಜೆಂಟರ ಕೆಲಸ ಮಾಡ್ತಿದೆ ಅಂತ ಸಾರಿತು. ಮರುವರ್ಷ ಅವರ ಮುಖ್ಯಸ್ಥರೇ, ಖರ್ಚು ಉಳಿಸೋದನ್ನೇ ನೋಡಿದ್ದರಿಂದ ಗುಣಮಟ್ಟ ಇಳಿಯಿತು ಅಂತ ಒಪ್ಪಿ ಮತ್ತೆ ಜನ ತಗೊಳ್ಳೋಕೆ ಶುರು ಮಾಡಿದರು. ಆದ್ರೆ ಇದನ್ನ ಸಾಹುಕಾರರ ಮುಂದೆ ಇಡೋಕೆ ನನಗೆ ಇಷ್ಟ ಇಲ್ಲ. ಎಐ ಚೆನ್ನಾಗಿಯೇ ಕೆಲಸ ಮಾಡಿಬಿಟ್ರೆ? ಆಗ ಆ ಹುಡುಗಿಯರನ್ನ ಕಳಿಸೋದು ಸರಿ ಆಗುತ್ತಾ? ನನ್ನ ಮಾತು ಯಂತ್ರದ ಸೋಲಿನ ಮೇಲೆ ನಿಂತಿರಬಾರದು.

ಮಾಮ: ಅದು ಸರಿಯಾದ ಮಾತು. ಹಂಗಾದ್ರೆ ಏನು ಹೇಳ್ತೀಯ?

ಸೊಸೆ: ಉಳಿಯೋ ಹೊತ್ತು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿ ಅಂತೀನಿ. ನಮ್ಮಲ್ಲಿ ವಾಪಸ್ ಬಂದ ಮಾಲು ಮೂಲೆಯಲ್ಲಿ ಗುಡ್ಡೆ ಬಿದ್ದಿದೆ, ನೋಡೋರಿಲ್ಲ. ಉದ್ರಿ ವಸೂಲಿಗೆ ಫೋನ್ ಮಾಡೋರಿಲ್ಲ. ಮೂರು ತಿಂಗಳಿಂದ ಆರ್ಡರ್ ಕೊಡದ ಅಂಗಡಿ ಯಾಕೆ ಕೊಟ್ಟಿಲ್ಲ ಅಂತ ಯಾರೂ ಕೇಳಿಲ್ಲ. ಹುಡುಗಿಯರು ಅಲ್ಲಿಗೆ ಹೋಗಲಿ, ಒಬ್ಬೊಬ್ಬರೇ, ಕಲಿತುಕೊಂಡು. ದೀಪಾವಳಿಯಿಂದ ಮುಂದಿನ ದೀಪಾವಳಿವರೆಗೆ ಎಐ ಕಾರಣಕ್ಕೆ ಯಾರನ್ನೂ ತೆಗೆಯಲ್ಲ ಅಂತ ಸಾಹುಕಾರರು ಬರೆದು ಗೋಡೆಗೆ ಹಚ್ಚಬೇಕು. ರಾಣೆಬೆನ್ನೂರಿನ ಹಮಾಲರಿಗೆ ಗೋಡೌನು ಮುಚ್ಚೋ ವಿಷಯ ಈ ತಿಂಗಳೇ ಹೇಳಬೇಕು. ಇಲ್ಲಿಗೆ ಬರೋರಿಗೆ ಬಸ್ ಪಾಸು, ಬರದವರಿಗೆ ಕೊಡಬೇಕಾದ್ದು ಕೊಡಬೇಕು. ಪಟ್ಟಿ ಮಾತ್ರ ನಾನು ಕೊಡಲ್ಲ.

ಮಾಮ: ಗುಮಾಸ್ತರಿಗೆ?

ಸೊಸೆ: ಅವರಿಗೆ ಪದವಿ, ಸಂಬಳ ಎರಡೂ ಏರಬೇಕು. ತಪ್ಪು ತಿದ್ದೋದು ಅವರ ಮೇಲಿನ ಹೆಚ್ಚಿನ ಕೆಲಸ ಅಲ್ಲ, ಅದೇ ಅವರ ಕೆಲಸ. ಎಐ ಎಷ್ಟರವರೆಗೆ ಪಾಸ್ ಮಾಡಬಹುದು ಅನ್ನೋ ಮಿತಿ ಅವರ ಸಹಿಯಿಂದ ಏರಬೇಕು, ಅವರ ಸಹಿಯಿಂದ ಇಳೀಬೇಕು.

ಮಾಮ: ಒಂದು ಸೇರಿಸು. ವಾರಕ್ಕೆ ಒಂದು ದಿನ ಮಷೀನು ಮುಚ್ಚಿ, ಅವರು, ಅವರ ಜೊತೆ ಒಬ್ಬ ಚಿಕ್ಕವಳು, ಕೈಯಲ್ಲೇ ಆರ್ಡರ್ ಬರೀಬೇಕು.

ಸೊಸೆ: ಲಿಸಾನ್ ಬೈನ್‌ಬ್ರಿಡ್ಜ್ ಅಂತ ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಇದನ್ನೇ ಬರೆದಿದ್ದಾರೆ, ನೀವು ಹೇಳಿದ ಆ 1983ನೇ ಇಸವಿಯಲ್ಲೇ. ಸುಲಭದ ಕೆಲಸವನ್ನೆಲ್ಲ ಯಂತ್ರ ತಗೊಂಡು, ಅದಕ್ಕೆ ತಿಳಿಯದ ಕಷ್ಟದ್ದನ್ನ ಮನುಷ್ಯನಿಗೆ ಬಿಡುತ್ತೆ. ಆದ್ರೆ ದಿನಾ ಸುಲಭದ್ದು ಮಾಡ್ತಿದ್ದರಿಂದಲೇ ಮನುಷ್ಯನಿಗೆ ಕಷ್ಟದ್ದು ಬರ್ತಿತ್ತು. ಅವರು ಬರೆದದ್ದು ದೊಡ್ಡ ಕಾರ್ಖಾನೆಗಳ ಕಂಟ್ರೋಲ್ ರೂಮಿನ ಬಗ್ಗೆ. ನನಗೆ ನಮ್ಮ ಆರ್ಡರ್ ಟೇಬಲ್ಲೇ ಕಾಣಿಸ್ತು. ಗುಮಾಸ್ತರು ಇನ್ನು ನಾಲ್ಕು ವರ್ಷಕ್ಕೆ ನಿವೃತ್ತರು.

ಮಾಮ: ಸಾಹುಕಾರರು ಒಪ್ಪದಿದ್ದರೆ?

ಸೊಸೆ: ಗೊತ್ತಿಲ್ಲ. ಪಟ್ಟಿ ಅಂತೂ ನನ್ನ ಕೈಯಿಂದ ಹೋಗಲ್ಲ. ನಾಳೆ ಹತ್ತೂವರೆಗೆ ಸಮಯ ಕೊಟ್ಟಿದ್ದಾರೆ. ಅದಕ್ಕೇ ಇವತ್ತು ನಿಮ್ಮ ಹತ್ರ ಬಂದದ್ದು. ತಡೀರಿ, ಮೆಸೇಜು ಬಂತು. ಭಾನುವಾರಾನೂ ಬಿಡಲ್ಲ ಇವರು. ನೋಡಿ, ಬ್ಯಾಡಗಿ ಕಡೆಯ ಅಂಗಡಿ. "ಅಕ್ಕಾರ, ಐದು ಎಚ್‌ಪಿ ಬುಷ್ ಒಂದೈದಾರು ನಾಳೆ ಬಸ್ಸಿಗೆ ಹಾಕಸ್ರಿ."

ಮಾಮ: ಎಷ್ಟು ಹಾಕಸ್ತೀಯ?

ಸೊಸೆ: ಗುಮಾಸ್ತರನ್ನೇ ಕೇಳ್ತೀನಿ. ಹಲೋ, ರಜದ ದಿನ ತೊಂದರೆ ಕೊಟ್ಟೆ, ಕ್ಷಮಿಸಿ. ಬ್ಯಾಡಗಿಯವರು ಐದಾರು ಬುಷ್ ಅಂದಿದ್ದಾರೆ, ಎಷ್ಟು ಬರ್ಕೊಳ್ಳಲಿ? ಹಾಂ... ಅದು ಗೊತ್ತಾಗಲ್ಲವಲ್ಲ, ದನಿ ಸ್ವಲ್ಪ ಎಳೇದು ಅನ್ನಿಸ್ತು. ಹಂಗಾ? ಸರಿ. ಮತ್ತೆ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಸ್ವಲ್ಪ ಬೇಗ ಬರ್ತೀರಾ? ನಿಮ್ಮ ಜೊತೆ ಒಂದು ವಿಷಯ ಮಾತಾಡಬೇಕು, ಸಾಹುಕಾರರನ್ನ ನೋಡೋಕೆ ಮೊದಲು. ಹೌದು, ಅದೇ ವಿಷಯ.

ಮಾಮ: ಏನಂದ್ರು?

ಸೊಸೆ: ಮಾತಾಡಿದ್ದು ಅಪ್ಪನೋ ಮಗನೋ ಅಂತ ಕೇಳಿದ್ರು. ಅಪ್ಪ ಐದಾರು ಅಂದ್ರೆ ಆರು, ಒಂದನ್ನ ಅಂಗಡಿಯಲ್ಲೇ ಇಟ್ಕೊಳ್ತಾರೆ. ಮಗನಿಗೆ ಐದು ಹಾಕಿ ಅಂದ್ರು, ಆರು ಕಳಿಸಿದ್ರೆ ಒಂದು ವಾಪಸ್ ಬರುತ್ತೆ. ಪೆನ್ನು ಕೊಡಿ ಮಾಮ, ಇದನ್ನ ಬರ್ಕೊಳ್ತೀನಿ.